ಮೂರು ತಿಂಗಳಿಂದ ಮುದ್ದೆ ತಿಂದರೂ ಶುಗರ್ ಇಳಿದಿಲ್ಲ, ತಾತನಿಗೆ ಒಗ್ಗಿದ ಊಟ ನನಗೇಕೆ ಒಗ್ಗಲಿಲ್ಲ?

ನೀವು ಬರೆದುಕೊಂಡಿರೋದು ಇಷ್ಟು: ವಯಸ್ಸು 34, ಊರು ನಾಗಮಂಗಲ ಕಡೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ, ಎತ್ತರ ಐದೂವರೆ ಅಡಿ, ತೂಕ 68 ಕೆಜಿ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 6.1 ಬಂದಿದೆ, ಸಕ್ಕರೆ ಕಾಯಿಲೆಯ ಗಡಿ ಅದು. "ನಿಮ್ಮ ತಾತ ಮೂರು ಹೊತ್ತೂ ಹಿಟ್ಟು ಉಂಡು 91 ವರ್ಷ ಬದುಕಿದ್ರು, ನೀನೂ ಅದ್ನೇ ತಿನ್ನು" ಅಂತ ಅಮ್ಮ ಹೇಳಿದ್ದಕ್ಕೆ ಅನ್ನ, ಚಪಾತಿ ಎರಡನ್ನೂ ಬಿಟ್ಟಿರಿ. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್, ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಮುದ್ದೆ, ರಾತ್ರಿ ಹತ್ತೂವರೆಗೆ ಮತ್ತೆ ಎರಡು. ಮೂರು ತಿಂಗಳು ಕಳೆದು ಪರೀಕ್ಷೆ ಮಾಡಿಸಿದರೆ ಮತ್ತೆ ಅದೇ 6.1.

ನಾನು ಡಾಕ್ಟರಲ್ಲ, 24 ವರ್ಷದಿಂದ ಬಸ್ ಓಡಿಸುತ್ತಿರುವ ಡ್ರೈವರ್. 41ನೇ ವಯಸ್ಸಿನಲ್ಲಿ ಕಣ್ಣು, ಬಿಪಿ, ಶುಗರ್ ಎಲ್ಲ ನೋಡುವ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 7.4 ಅಂತ ಬಂತು. ಆವತ್ತು ನನಗೂ ನಿಮ್ಮ ಹಾಗೇ ಮೊದಲು ನೆನಪಾದದ್ದು ನಮ್ಮ ತಾತ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ನಮ್ಮ ತಾತನ ಒಂದು ದಿನ ಹೇಗಿತ್ತು ಅಂತ ಹೇಳುತ್ತೇನೆ, ನಿಮ್ಮ ತಾತನದೂ ಹೆಚ್ಚುಕಮ್ಮಿ ಹೀಗೇ ಇದ್ದಿರಬೇಕು. ಕೋಳಿ ಕೂಗುವ ಹೊತ್ತಿಗೆ ಏಳೋರು. ಕೊಟ್ಟಿಗೆ ಕೆಲಸ ಮುಗಿಸಿ, ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದರೆ ಉತ್ತು, ಕಳೆ ಕಿತ್ತು, ನೀರು ಕಟ್ಟಿ, ಹತ್ತು ಗಂಟೆಗೆ ಬುತ್ತಿ ಬಿಚ್ಚೋರು. ಮುದ್ದೆ ಏನೋ ದೊಡ್ಡದೇ. ಆದರೆ ಅದರ ಜೊತೆಗೆ ಬೆರಕೆ ಸೊಪ್ಪಿನ ಉಪ್ಸಾರು, ಇಲ್ಲಾ ಹುರುಳಿಕಾಳಿನ ಬಸ್ಸಾರು. ಉಂಡು ಕೈ ತೊಳೆದವರು ಮತ್ತೆ ನೇಗಿಲ ಹಿಂದೆ. ಸಂತೆಗೆ ಹೋಗಬೇಕಾದರೆ ಎಂಟು ಕಿಲೋಮೀಟರ್ ನಡಿಗೆ, ಬರುವಾಗ ತಲೆ ಮೇಲೆ ಮೂಟೆ. ಮನೆಗೆ ಕರೆಂಟು ಬಂದಿರಲಿಲ್ಲ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಊಟ ಮುಗಿದು ಜಗಲಿ ಮೇಲೆ ಮಲಗಿಬಿಡೋರು. ಟೀ ಅನ್ನೋದು ಅವರ ಬಾಯಿಗೆ ಬಿದ್ದದ್ದು ವಯಸ್ಸಾದ ಮೇಲೆ, ಅದೂ ನೆಂಟರು ಬಂದಾಗ.

ಆ ಇಡೀ ದಿನದಿಂದ ಮುದ್ದೆಯೊಂದನ್ನೇ ಎತ್ತಿಕೊಂಡು ಬಂದು ಕುರ್ಚಿ ಮೇಲೆ ಕೂತು ಉಂಡರೆ ಅದು ತಾತನ ಮೈಯಲ್ಲಿ ಮಾಡಿದ ಕೆಲಸ ಮಾಡೋದಿಲ್ಲ. ನಾನೂ ಮೊದಲ ನಾಲ್ಕು ತಿಂಗಳು ಈ ತಪ್ಪನ್ನೇ ಮಾಡಿದೆ.

ಇನ್ನೊಂದು ಮಾತು. ಆ ಕಾಲದವರೆಲ್ಲ ತೊಂಬತ್ತು ದಾಟಿದರು ಅಂತ ಅಂದುಕೊಳ್ಳಬೇಡಿ. 1950ರ ಹೊತ್ತಿಗೆ ನಮ್ಮ ದೇಶದವರ ಸರಾಸರಿ ಆಯುಸ್ಸು 40 ಕೂಡ ಇರಲಿಲ್ಲ. ಎಳೆ ಮಕ್ಕಳು, ಬಾಣಂತಿಯರು, ಪ್ಲೇಗು ಕಾಲರಾಕ್ಕೆ ಸಿಕ್ಕವರು ಎಷ್ಟೋ ಜನ ಹೋಗಿಬಿಟ್ಟರು. ನಮ್ಮ ತಾತನ ಜೊತೆ ಹುಟ್ಟಿದ ಏಳು ಜನರಲ್ಲಿ ನಾನು ನೋಡಿದ್ದು ಇಬ್ಬರನ್ನು ಮಾತ್ರ.

ಈಗ ರಾಗಿಯ ವಿಚಾರ. ನನಗೆ ರಾಗಿ ಅಂದರೆ ಪ್ರಾಣ, ಅದನ್ನು ಬಿಡಿ ಅಂತ ಯಾರಿಗೂ ಹೇಳೋದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದಂಶವಂತೂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ 10 ಮಿಲಿಗ್ರಾಂ ಒಳಗೆ. ಆದರೆ ಅದೇ ಪಟ್ಟಿಯಲ್ಲಿ ಹಿಟ್ಟಿನಂಶ (ಕಾರ್ಬೋಹೈಡ್ರೇಟ್) ನೋಡಿ: ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 67. ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗೋದು ಈ ಅಂಶವೇ. ಒಂದು ಹೊತ್ತಿಗೆ ಎರಡು ದೊಡ್ಡ ಮುದ್ದೆ ಅಂದರೆ ಒಂದು ತುಂಬು ತಟ್ಟೆ ಅನ್ನಕ್ಕೆ ಅದೇನೂ ಕಮ್ಮಿಯಿಲ್ಲ. ಮಾಲ್ಟ್ ಇನ್ನೂ ತೊಂದರೆ. ನುಣ್ಣಗೆ ಬೀಸಿದ ಹಿಟ್ಟು, ತೆಳ್ಳಗೆ ಕಾಯಿಸಿ, ಬೆಲ್ಲ ಹಾಕಿ, ಎರಡು ನಿಮಿಷದಲ್ಲಿ ಕುಡಿದರೆ ಅದು ರಕ್ತ ಸೇರೋದಕ್ಕೆ ಹೊತ್ತೇ ಬೇಕಿಲ್ಲ. ಬೆಲ್ಲ ಆದರೇನು ಸಕ್ಕರೆ ಆದರೇನು, ಈ ವಿಷಯದಲ್ಲಿ ಎರಡೂ ಒಂದೇ. ಮೊದಲು ಈ ಮಾಲ್ಟ್ ನಿಲ್ಲಿಸಿ. ಬೇಕೇ ಬೇಕು ಅಂದರೆ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದ ಅಂಬಲಿ ಒಂದು ಲೋಟ, ಜೊತೆಗೆ ಎರಡು ಮೊಟ್ಟೆಯೋ ಒಂದು ಬಟ್ಟಲು ಮೊಳಕೆಕಾಳೋ ಇರಲಿ.

ನಡಿಗೆಯ ವಿಷಯಕ್ಕೆ ಬರುತ್ತೇನೆ, ನನ್ನ ಕಣ್ಣು ತೆರೆಸಿದ್ದು ಅದೇ. ಜೆರ್ರಿ ಮಾರಿಸ್ ಅಂತ ಲಂಡನ್ನಿನ ಒಬ್ಬ ವೈದ್ಯರು ಅಲ್ಲಿನ ಸಾರಿಗೆ ನೌಕರರು ಸುಮಾರು 31,000 ಮಂದಿಯ ಲೆಕ್ಕ ತೆಗೆದು 1953ರಲ್ಲಿ ಪ್ರಕಟಿಸಿದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಇಡೀ ದಿನ ಸೀಟಿನ ಮೇಲೆ. ಕಂಡಕ್ಟರ್ ಟಿಕೆಟ್ ಕೊಡೋದಕ್ಕೆ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯಬೇಕು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಸಂಬಳದಲ್ಲೂ ಅಂಥಾ ವ್ಯತ್ಯಾಸವಿಲ್ಲ. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ, ಬಂದರೂ ತಡವಾಗಿ, ಬಂದ ಕೂಡಲೇ ಸತ್ತವರೂ ಕಡಿಮೆ. ಇದನ್ನು ಓದಿದ ರಾತ್ರಿ ನಾನು ಒಂದು ಹಳ್ಳಿಯಲ್ಲಿ ನೈಟ್ ಹಾಲ್ಟ್ ಇದ್ದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ನನ್ನ ಕಂಡಕ್ಟರ್ ಕಡೆ ನೋಡಿದೆ. ನನಗಿಂತ ಎರಡು ವರ್ಷ ದೊಡ್ಡವರು, ಹೊಟ್ಟೆ ಬೆನ್ನಿಗೆ ಅಂಟಿದೆ, ಒಂದು ಮಾತ್ರೆಯೂ ಇಲ್ಲ. ನಾವಿಬ್ಬರೂ ತಿನ್ನುತ್ತಿದ್ದದ್ದು ಒಂದೇ ಹೋಟೆಲ್ಲಿನಲ್ಲಿ.

ಮಾರಿಸ್ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. 1956ರಲ್ಲಿ ಆ ನೌಕರರ ಯೂನಿಫಾರ್ಮ್ ಅಳತೆ ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ಕಂಡಕ್ಟರುಗಳದಕ್ಕಿಂತ ದಪ್ಪ, ಅದೂ ಕೆಲಸಕ್ಕೆ ಸೇರಿದ ಎಳೆ ವಯಸ್ಸಿನಿಂದಲೇ. ಅಂದರೆ ಎಲ್ಲವನ್ನೂ ಸೀಟಿನ ತಲೆಗೇ ಕಟ್ಟೋ ಹಾಗಿಲ್ಲ, ಮೊದಲಿಂದಲೂ ಸ್ವಲ್ಪ ವ್ಯತ್ಯಾಸ ಇತ್ತು ಅಂತ ಅವರೇ ತೋರಿಸಿಕೊಟ್ಟರು. ಆಮೇಲೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳೂ ಕೂತೇ ಇರುವುದು ಕೆಟ್ಟದ್ದು ಅನ್ನೋದನ್ನು ಗಟ್ಟಿ ಮಾಡಿವೆ. ಮಾರಿಸ್ ತಾವೂ ದಿನಾ ವ್ಯಾಯಾಮ ಮಾಡುತ್ತ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ನೀವು "ನಾನೇನು ದಪ್ಪ ಇಲ್ಲ" ಅಂತ ಬರೆದಿದ್ದೀರಿ. ಐದೂವರೆ ಅಡಿಗೆ 68 ಕೆಜಿ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 24ರ ಸುಮಾರು. ನಮ್ಮ ದೇಶದವರಿಗೆ 23 ದಾಟಿದರೇ ತೂಕ ಜಾಸ್ತಿ ಅಂತ ಲೆಕ್ಕ. ಪುಣೆಯ ಡಾ. ಯಾಜ್ಞಿಕ್ ಅವರು ತಮ್ಮದೇ ಮೈಯನ್ನು ಉದಾಹರಣೆ ಕೊಟ್ಟು 2004ರಲ್ಲಿ ಬರೆದದ್ದು ಇಲ್ಲಿ ನೆನಪಾಗುತ್ತದೆ. ಅವರದೂ, ಅವರ ಜೊತೆ ಬರೆದ ಇಂಗ್ಲೆಂಡಿನ ವೈದ್ಯರದೂ ಬಿಎಂಐ ಒಂದೇ, 22.3. ಆದರೆ ಆ ಇಂಗ್ಲಿಷರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಇವರಲ್ಲಿ 21.2. ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು, ಮಾಂಸಖಂಡ ಕಮ್ಮಿ. ಅದಕ್ಕೆ ತಕ್ಕಡಿಗಿಂತ ಟೇಪು ನಂಬಿ. ಪ್ಯಾಂಟಿನ ಸೈಜು ನಂಬಬೇಡಿ, ನಾವೆಲ್ಲ ಅದನ್ನು ಹೊಟ್ಟೆ ಕೆಳಗೆ ಇಳಿಸಿ ಹಾಕುತ್ತೇವೆ. ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ, ಹೊಕ್ಕುಳ ಮಟ್ಟಕ್ಕೆ ಸುತ್ತಳತೆ ತೆಗೀರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನನ್ನದು ಆಗ 101 ಇತ್ತು, ಈಗ 92.

ನಿಮಗೆ ಧೈರ್ಯ ಕೊಡೋ ಒಂದು ಸಂಗತಿ ಚೆನ್ನೈನಿಂದ. ಅಲ್ಲಿಯ ಡಾ. ರಾಮಚಂದ್ರನ್ ಅವರ ತಂಡ ನಿಮ್ಮ ಹಾಗೆ ಗಡಿ ಮೇಲೆ ನಿಂತ 531 ಮಂದಿಯನ್ನು ತಗೊಂಡು ಸುಮಾರು ಮೂರು ವರ್ಷ ನೋಡಿ, 2006ರಲ್ಲಿ ಪ್ರಕಟಿಸಿತು. ಏನೂ ಮಾಡದವರಲ್ಲಿ ನೂರಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ನಡೆದು, ಸಕ್ಕರೆ ಎಣ್ಣೆ ಕಮ್ಮಿ ಮಾಡಿ, ನಾರಿನ ಪದಾರ್ಥ ಜಾಸ್ತಿ ತಿಂದವರಲ್ಲಿ ಅದು 39ಕ್ಕೆ ಇಳಿಯಿತು. ಇದರಲ್ಲಿ ನನಗೆ ತುಂಬ ಮುಖ್ಯ ಅನಿಸಿದ್ದು ಏನಂದರೆ, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ತೂಕ ಇಳಿಯದಿದ್ದರೂ ಅಭ್ಯಾಸ ಬದಲಾದದ್ದು ಒಳಗೆ ಕೆಲಸ ಮಾಡಿತ್ತು. ನೂರರಲ್ಲಿ 39 ಜನಕ್ಕೆ ಆದರೂ ಬಂತಲ್ಲ ಅಂತ ಕೇಳಬಹುದು. ಹೌದು, ಬಂತು. ನಮ್ಮ ರಕ್ತದಲ್ಲಿ ಅಪ್ಪ ಅಮ್ಮನಿಂದ ಬಂದದ್ದೂ ಇರುತ್ತೆ.

ನಾನು ಮಾಡಿದ್ದು ಹೇಳುತ್ತೇನೆ, ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ.

ಮೊದಲು ಟೀ. ಪ್ರತಿ ಸ್ಟ್ಯಾಂಡಿನಲ್ಲೂ ಡ್ರೈವರಿಗೆ ಒಂದು ಟೀ ಬಂದೇ ಬರುತ್ತೆ, ದಿನಕ್ಕೆ ಏಳು ಕುಡಿಯುತ್ತಿದ್ದೆ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 10 ಗ್ರಾಂ, ಏಳಕ್ಕೆ 70. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದಿನಕ್ಕೆ ಸುಮಾರು 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೇದು. ಈಗ ಸಕ್ಕರೆ ಇಲ್ಲದ ಎರಡು ಟೀ. ಹದಿನೈದು ದಿನ ಬಾಯಿ ಒಪ್ಪಲಿಲ್ಲ, ಆಮೇಲೆ ಸಕ್ಕರೆ ಹಾಕಿದ ಟೀಯೇ ಪಾಯಸದ ಹಾಗೆ ಅನಿಸತೊಡಗಿತು. ನಿಮ್ಮ ಪ್ರಶ್ನೆಯಲ್ಲಿ ಟೀ ಕಾಫಿಯ ಮಾತೇ ಇಲ್ಲ. ಆಫೀಸಿನ ಮೆಷಿನ್ ಕಾಫಿ ದಿನಕ್ಕೆ ಎಷ್ಟು ಲೋಟ ಅಂತ ಒಂದು ವಾರ ಬರೆದಿಡಿ.

ಎರಡನೇದು, ಉಂಡ ಮೇಲಿನ ನಡಿಗೆ. ತೊಡೆ, ಮೀನಖಂಡ ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಉಂಡ ಅರ್ಧ ಗಂಟೆಯೊಳಗೆ ಹತ್ತು ಹದಿನೈದು ನಿಮಿಷ ನಡೆದರೆ ಏರಬೇಕಾದ ಸಕ್ಕರೆ ಅಷ್ಟು ಏರೋದಿಲ್ಲ. ನಾನು ಬಸ್ ನಿಲ್ಲಿಸಿ ಉಂಡ ಮೇಲೆ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಹನ್ನೆರಡು ಸಲ ಓಡಾಡುತ್ತೇನೆ. ಮೊದಮೊದಲು ಜೊತೆಯವರು "ಏನಣ್ಣ, ಏನ್ ಕಳ್ಕೊಂಡೆ?" ಅಂತಿದ್ದರು, ಈಗ ಮೂವರು ನನ್ನ ಜೊತೆಗೇ ಬರುತ್ತಾರೆ. ನೀವು ಮಧ್ಯಾಹ್ನ ಡಬ್ಬಿ ಮುಗಿಸಿ ಮತ್ತೆ ಕುರ್ಚಿಗೆ ಹೋಗಬೇಡಿ, ಕೆಳಗಿಳಿದು ಒಂದು ಸುತ್ತು ಬನ್ನಿ. ಫೋನಿನಲ್ಲಿ ಮಾತಾಡೋ ಮೀಟಿಂಗುಗಳನ್ನು ನಿಂತೇ ಮುಗಿಸಿ. ಬೆಳಿಗ್ಗೆ ಇಪ್ಪತ್ತು ಬಸ್ಕಿ ಹೊಡೀರಿ, ಮಂಡಿ ನೋವಿದ್ದರೆ ಕುರ್ಚಿ ಹಿಡಿದು ಎದ್ದು ಕೂರಿ. ಸಕ್ಕರೆಗೆ ಮೈಯಲ್ಲಿ ಜಾಗ ಕೊಡೋದೇ ಮಾಂಸಖಂಡ, ಅದು ಬೆಳೆಯಬೇಕು.

ತಟ್ಟೆಯ ವಿಚಾರದಲ್ಲಿ ಕಷ್ಟ ಆದದ್ದು ನಮ್ಮಮ್ಮನ ಜೊತೆ. ಎರಡನೇ ಮುದ್ದೆ ಬೇಡ ಅಂದರೆ ಅವರಿಗೆ ಮಗನೇ ದೂರ ಆದ ಹಾಗೆ. "ಒಂದು ಹಿಟ್ಟಲ್ಲಿ ಯಾವ ಗಂಡಸು ಬಸ್ ಓಡಿಸ್ತಾನೆ?" ಅಂತ ಎರಡು ದಿನ ಮಾತು ಬಿಟ್ಟರು. ಕೊನೆಗೆ ನಾನೇ ಕೇಳಿಕೊಂಡೆ, ಮುದ್ದೆ ಒಂದೇ ಇರಲಿ, ಅದೂ ಚಿಕ್ಕದು. ಸೊಪ್ಪು, ಕಾಳು ಎರಡರಷ್ಟು ಬಡಿಸು ಅಂತ. ಬಡಿಸೋದಕ್ಕೆ ಏನಾದರೂ ಇದ್ದರೆ ಸಾಕು ಅವರಿಗೆ. ಈಗ ಮೊದಲು ಸೌತೆಕಾಯಿ ಕೋಸಂಬರಿಯೋ ಪಲ್ಯವೋ ಖಾಲಿ ಮಾಡಿ, ಕಾಳು ತಿಂದು, ಆಮೇಲೆ ಮುದ್ದೆ ಮುರಿಯುತ್ತೇನೆ. ಈ ಕ್ರಮದಲ್ಲಿ ಉಂಡರೂ ಸಕ್ಕರೆ ನಿಧಾನವಾಗಿ ಏರುತ್ತೆ. ನಿಮ್ಮಮ್ಮನಿಗೂ ಹೀಗೇ ಹೇಳಿ ನೋಡಿ, ಅವರು ಹೇಳಿದ ರಾಗಿಯನ್ನು ಬಿಟ್ಟ ಹಾಗೂ ಆಗೋದಿಲ್ಲ.

ರಾತ್ರಿ ಹತ್ತೂವರೆಯ ಊಟ ಎಂಟಕ್ಕೆ ತನ್ನಿ. ಮನೆ ಸೇರೋದೇ ತಡ ಆದರೆ ಸಂಜೆ ಏಳಕ್ಕೆ ಆಫೀಸಿನಲ್ಲೇ ಹೊಟ್ಟೆ ತುಂಬಿಸಿ, ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿ. ನಿದ್ದೆ ಕಮ್ಮಿ ಆದರೆ ಇನ್ಸುಲಿನ್ ಮಾತು ಮೈ ಕೇಳೋದಿಲ್ಲ. ಮುಂಜಾನೆ ಡ್ಯೂಟಿ ಇರುವ ವಾರ ನನ್ನ ಮೀಟರಿನಲ್ಲಿ ಇದು ಚೆನ್ನಾಗಿ ಕಾಣುತ್ತೆ, ಊಟ ಅದೇ ಇದ್ದರೂ ಬೆಳಗಿನ ಶುಗರ್ ಹತ್ತು ಹದಿನೈದು ಜಾಸ್ತಿ. ಬೀಡಿ, ಸಿಗರೇಟು, ತಂಬಾಕು ಇದ್ದರೆ ಅದರ ಬಗ್ಗೆ ನಾನು ಹೇಳಬೇಕಿಲ್ಲ, ಇವತ್ತೇ ಬಿಡಿ.

ಮುಂದಿನ ಪರೀಕ್ಷೆಯನ್ನು ಮೂರು ತಿಂಗಳಿಗಿಂತ ಮೊದಲು ಮಾಡಿಸಬೇಡಿ. ಕೆಂಪು ರಕ್ತಕಣ 120 ದಿನ ಬದುಕುತ್ತೆ, ಎಚ್‌ಬಿಎ1ಸಿ ತೋರಿಸೋದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು. ಹಿಮೋಗ್ಲೋಬಿನ್ ಕಮ್ಮಿ ಇದ್ದರೆ ಈ ಲೆಕ್ಕ ತಪ್ಪಬಹುದು, ಅದನ್ನೂ, ಬಿಪಿ, ಕೊಲೆಸ್ಟ್ರಾಲನ್ನೂ ಜೊತೆಗೇ ನೋಡಿಸಿ ಡಾಕ್ಟರಿಗೆ ತೋರಿಸಿ. 5.7ರಿಂದ 6.4ರವರೆಗೆ ಗಡಿ, 6.5 ಆದರೆ ಕಾಯಿಲೆ. ನೀವು ಇನ್ನೂ ಗಡಿಯ ಈಚೆಗೇ ಇದ್ದೀರಿ. ನನಗೆ ಗೊತ್ತಾಗುವ ಹೊತ್ತಿಗೆ ನಾನು ದಾಟಿಬಿಟ್ಟಿದ್ದೆ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಡಾಕ್ಟರು ಮಾತ್ರೆ ಬರೆದರೆ ತಗೊಳ್ಳಿ, ತಾತ ತಗೊಂಡಿರಲಿಲ್ಲ ಅಂತ ಹಠ ಹಿಡಿಯಬೇಡಿ. ನನ್ನ ಎಚ್‌ಬಿಎ1ಸಿ ಹೋದ ತಿಂಗಳು 6.3 ಇತ್ತು. ಮೊದಲು ದಿನಕ್ಕೆ ಮೂರು ಮಾತ್ರೆ ಇದ್ದದ್ದನ್ನು ಡಾಕ್ಟರು ಒಂದಕ್ಕೆ ಇಳಿಸಿದ್ದಾರೆ, ಆ ಒಂದನ್ನು ರಾತ್ರಿ ಊಟ ಆದ ಮೇಲೆ ಮರೆಯದೆ ನುಂಗುತ್ತೇನೆ.