ಓದುಗರ ಪ್ರಶ್ನೆ, ನಮ್ಮ ಉತ್ತರ: ತಂತಿಯಿಲ್ಲದ ಮೈಕಿನ ಜಾಗದ ಜಗಳ

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ವೆಸ್ಟ್ ಎಂಡಿನಲ್ಲಿ ಒಂದು ಸಂಗೀತ ನಾಟಕ ನೋಡಿದೆವು. ಮೂವತ್ತು ಜನ ಕುಣಿಯುತ್ತ ಹಾಡಿದರೂ ಒಬ್ಬರ ಹತ್ತಿರವೂ ಮೈಕ್ ಕಾಣಲಿಲ್ಲ. ಆದರೂ ಒಂದೊಂದು ಅಕ್ಷರವೂ ಕೇಳಿಸಿತು. ಅಲ್ಲಿನ ರಂಗಭೂಮಿಯವರು ಮೈಕಿನ ತರಂಗಾಂತರ ಉಳಿಸಿಕೊಳ್ಳಲು ಚಳವಳಿಯನ್ನೇ ನಡೆಸಿದ್ದರೆಂದು ಅಳಿಯಂದಿರು ಹೇಳಿದರು. ಮೈಕಿಗೂ ಮೊಬೈಲಿಗೂ ಏನು ಜಗಳ? (ಓದುಗರೊಬ್ಬರು, ಧಾರವಾಡ)

ಉತ್ತರ: ನಿಮಗೆ ಕಾಣದ ಆ ಮೈಕ್ ನಟರ ಹಣೆಯ ಮೇಲೆ, ವಿಗ್ಗಿನ ಅಂಚಿನಲ್ಲಿ ಅಡಗಿರುತ್ತದೆ. ಅದರ ಸಪೂರ ತಂತಿ ಬೆನ್ನಗುಂಟ ಇಳಿದು, ಸೊಂಟಕ್ಕೆ ಕಟ್ಟಿದ ಪುಟ್ಟ ಟ್ರಾನ್ಸ್‌ಮಿಟರನ್ನು ಸೇರುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ಮೇಲಿನಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದು ನಿಂತು ನಟರು ಮಾತು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಅಲ್ಲಿ ಮೈಕ್ ಇದ್ದಲ್ಲಿಗೆ ನಟ ಹೋಗಬೇಕಿತ್ತು, ಇಲ್ಲಿ ನಟ ಹೋದಲ್ಲಿಗೆ ಮೈಕ್ ಹೋಗುತ್ತದೆ. ಆದರೆ ಸೊಂಟದ ಆ ಪೆಟ್ಟಿಗೆಯ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಇಪ್ಪತ್ತನೆಯ ಒಂದು ಭಾಗವನ್ನು ಮೀರುವುದಿಲ್ಲ. ಅದೇ ತರಂಗಾಂತರದಲ್ಲಿ ಹತ್ತಿರದ ಮೊಬೈಲ್ ಗೋಪುರ ಮಾತಾಡತೊಡಗಿದರೆ ಸಂತೆಯ ನಡುವೆ ಪಿಸುಗುಟ್ಟಿದಂತಾಗುತ್ತದೆ.

ಈ ಮೈಕುಗಳಿಗೆ ಸ್ವಂತ ಜಾಗವೆಂಬುದು ಬಹುಮಟ್ಟಿಗೆ ಇರಲೇ ಇಲ್ಲ. ಅಕ್ಕಪಕ್ಕದ ಪ್ರದೇಶಗಳ ಟಿವಿ ಪ್ರಸಾರಗಳು ಒಂದಕ್ಕೊಂದು ಅಡ್ಡ ಬರಬಾರದೆಂದು ಪ್ರತಿ ಊರಿನಲ್ಲೂ ಕೆಲವು ಟಿವಿ ಚಾನಲ್‌ಗಳನ್ನು ಖಾಲಿ ಬಿಟ್ಟಿರುತ್ತಾರೆ, ಮತ್ತು ಮೈಕಿನವರು ಬದುಕಿದ್ದು ಆ ಖಾಲಿ ಜಾಗಗಳಲ್ಲಿ. ಹೊಲ ಯಾರದೋ, ಬದುವಿನ ಹುಲ್ಲು ನಮ್ಮ ಎಮ್ಮೆಗೆ ಎಂಬಂಥ ಏರ್ಪಾಡು ಇದು. ಹೊಲ ಮಾರಿದಾಗ ಬದುವೂ ಅದರ ಜೊತೆಗೇ ಹೋಗುತ್ತದೆ. ಅನಲಾಗ್ ಟಿವಿ ನಿಂತು ಡಿಜಿಟಲ್ ಬಂದಾಗ ಕಡಿಮೆ ಜಾಗದಲ್ಲಿ ಹೆಚ್ಚು ವಾಹಿನಿಗಳು ಹಿಡಿಸಿದವು, ಉಳಿದದ್ದನ್ನು ಸರ್ಕಾರಗಳು ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿದವು.

ಬ್ರಿಟನ್ನಿನಲ್ಲಿ 69ನೇ ಚಾನಲ್, ಅಂದರೆ 854ರಿಂದ 862 ಮೆಗಾಹರ್ಟ್ಸ್ (ತರಂಗಾಂತರ ಅಳೆಯುವ ಮಾನ), ದೇಶದಾದ್ಯಂತ ಮೈಕಿಗೆ ಸಿಗುತ್ತಿದ್ದ ಜಾಗ. ಊರೂರು ತಿರುಗುವ ನಾಟಕ ತಂಡ, ಬಾಡಿಗೆಗೆ ಸೌಂಡ್ ಕೊಡುವವರು, ಚರ್ಚುಗಳು ಎಲ್ಲರೂ ಅದಕ್ಕೆ ಹೊಂದುವ ಸೆಟ್‌ಗಳನ್ನೇ ಕೊಂಡಿದ್ದರು. ಯುರೋಪಿನ ಉಳಿದ ದೇಶಗಳೊಂದಿಗೆ ಹೊಂದಿಕೆಯಾಗುವಂತೆ ಆ ಪಟ್ಟಿಯನ್ನು (ಬ್ಯಾಂಡ್) 4ಜಿಗೆ ತೆರವು ಮಾಡಬೇಕೆಂದು 2009ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ತೀರ್ಮಾನಿಸಿದಾಗ, ಆ ಸೆಟ್‌ಗಳೆಲ್ಲ ಒಮ್ಮೆಲೇ ನಿರುಪಯುಕ್ತವಾಗುವ ಸ್ಥಿತಿ ಬಂತು. ಮನರಂಜನಾ ಉದ್ಯಮದ ರೇಡಿಯೋ ಬಳಕೆದಾರರ ಸಂಘ ಬೀರ್ಗ್ 'ಸೇವ್ ಅವರ್ ಸೌಂಡ್' ಎಂಬ ಚಳವಳಿ ಹೂಡಿದ್ದು ಆಗ. ಮೊಬೈಲ್ ಬೇಡವೆನ್ನುವುದು ಅವರ ವಾದವಾಗಿರಲಿಲ್ಲ. ಬದಲಿ ಜಾಗ ಕೊಡಿ, ಸೆಟ್ ಬದಲಿಸುವ ಖರ್ಚು ಕೊಡಿ ಎಂದಷ್ಟೇ ಕೇಳಿದರು. ಬದಲಿಗೆ ಸಿಕ್ಕಿದ್ದು 38ನೇ ಚಾನಲ್, 606ರಿಂದ 614 ಮೆಗಾಹರ್ಟ್ಸ್. ಅಲ್ಲಿಯವರೆಗೆ ಅದು ಆಕಾಶದ ಕ್ಷೀಣ ರೇಡಿಯೋ ಅಲೆಗಳನ್ನು ಆಲಿಸುವ ಖಗೋಳ ವಿಜ್ಞಾನಿಗಳಿಗೆ ಮೀಸಲಾಗಿತ್ತು. ಪರಿಹಾರವೂ ಬಂತು, ಆದರೆ ಪೂರ್ತಿ ಬೆಲೆಯಲ್ಲ: ಹಳೆಯ ಸೆಟ್ಟಿನ ಆಯುಷ್ಯ ಹೇಗೂ ಒಂದಷ್ಟು ಕಳೆದಿತ್ತೆಂದು ಲೆಕ್ಕ ಹಾಕಿ ಕೊಟ್ಟ ಒಂದು ಪಾಲು. 2013ರ 4ಜಿ ಹರಾಜಿನಲ್ಲಿ ಖಜಾನೆಗೆ 234 ಕೋಟಿ ಪೌಂಡ್ ಬಂದದ್ದನ್ನು ನೋಡಿದರೆ ಆ ಲೆಕ್ಕಾಚಾರ ಜಿಪುಣತನದ್ದೆಂದೇ ನನಗೆ ಅನ್ನಿಸುತ್ತದೆ. ಅಲ್ಲಿಗೂ ಮುಗಿಯಲಿಲ್ಲ, 2020ರ ಮೇ ತಿಂಗಳಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನೂ ಮೈಕಿನವರು ಬಿಟ್ಟುಕೊಡಬೇಕಾಯಿತು.

ಪ್ರಶ್ನೆ: ಒಂದು ಚಾನಲ್ಲಿನ ಎಂಟು ಮೆಗಾಹರ್ಟ್ಸ್ ಎಂಬುದು ಕೆಲವು ಮೈಕುಗಳಿಗೆ ಬೇಕಾದಷ್ಟಾಯಿತಲ್ಲವೆ? ಸಾಲದಿದ್ದರೆ ವೈಫೈ ಇರುವ ಕಡೆಗೆ ಹೋಗಬಾರದೇಕೆ? (ಓದುಗರೊಬ್ಬರು, ಮೈಸೂರು)

ಉತ್ತರ: ಪ್ರತಿ ಮೈಕಿಗೂ ತನ್ನದೇ ತರಂಗಾಂತರ ಬೇಕು, ಆದರೆ ಅವುಗಳನ್ನು ಸಾಲಾಗಿ ಒತ್ತೊತ್ತಿಗೆ ಕೂರಿಸಲಾಗದು. 606.5 ಮತ್ತು 607ರಲ್ಲಿ ಎರಡು ಟ್ರಾನ್ಸ್‌ಮಿಟರುಗಳು ಪಕ್ಕಪಕ್ಕದಲ್ಲಿ ನಿಂತರೆ, ಅವೆರಡರ ಬೆರಕೆಯಿಂದ 607.5ರಲ್ಲೂ 606ರಲ್ಲೂ ಯಾರೂ ಕಳಿಸದ ಭೂತದಂಥ ಸಂಕೇತಗಳು ಹುಟ್ಟುತ್ತವೆ. ಮೂರನೆಯ ನಟಿಯ ಮೈಕನ್ನು 607.5ರಲ್ಲಿ ಇಟ್ಟಿದ್ದರೆ, ಆ ಇಬ್ಬರು ಅವಳ ಹತ್ತಿರ ಬಂದ ಕ್ಷಣದಲ್ಲೇ, ಅಂದರೆ ನಾಟಕದ ಮುಖ್ಯ ದೃಶ್ಯದಲ್ಲೇ, ಕರಕರ ಸದ್ದು ಬರುತ್ತದೆ. ಹಾಗಾಗಿ ಒಂದು ಟಿವಿ ಚಾನಲ್ಲಿನಲ್ಲಿ ಅನಲಾಗ್ ಮೈಕುಗಳು ಹತ್ತರ ಆಸುಪಾಸಿನಲ್ಲಷ್ಟೇ ನೆಮ್ಮದಿಯಾಗಿ ಹಿಡಿಸುತ್ತವೆ. ಇನ್ನು ವೈಫೈ ಬಳಸುವ 2.4 ಗಿಗಾಹರ್ಟ್ಸಿನಲ್ಲಿ ಸಭಿಕರ ನೂರಾರು ಫೋನುಗಳೂ ಇರುತ್ತವೆ. ಅಲ್ಲದೆ ಆ ಅಲೆಗಳನ್ನು ಮನುಷ್ಯನ ಮೈ ಹೆಚ್ಚು ಹೀರುತ್ತದೆ. ಬೆನ್ನು ತಿರುಗಿಸಿದ ಕೂಡಲೇ ಮಾತು ತುಂಡಾಗುವ ಮೈಕನ್ನು ಯಾವ ರಂಗಮಂದಿರ ತಾನೇ ಒಪ್ಪೀತು?

ಅಮೆರಿಕದಲ್ಲಿ ಜಗಳ ಹೆಚ್ಚು ಸಿಕ್ಕುಸಿಕ್ಕಾಗಿತ್ತು. ಟಿವಿಯ ಖಾಲಿ ಜಾಗಗಳಲ್ಲಿ ಅಂತರ್ಜಾಲ ಸಾಧನಗಳಿಗೂ ಅವಕಾಶ ಬೇಕೆಂದು ಗೂಗಲ್ ಮೊದಲಾದ ಕಂಪನಿಗಳು ಒತ್ತಾಯಿಸುತ್ತಿದ್ದ 2008ರಲ್ಲಿ, ಗಾಯಕಿ ಡಾಲಿ ಪಾರ್ಟನ್ ಅದನ್ನು ವಿರೋಧಿಸಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಗೆ ಪತ್ರ ಬರೆದರು. ಆ ನವೆಂಬರಿನಲ್ಲಿ ಎಫ್‌ಸಿಸಿ ಸಾಧನಗಳಿಗೆ ಅನುಮತಿ ಕೊಟ್ಟಿತು. 2010ರಲ್ಲಿ ಪ್ರತಿ ಪ್ರದೇಶದಲ್ಲೂ ಎರಡು ಖಾಲಿ ಚಾನಲ್‌ಗಳನ್ನು ಮೈಕಿಗೆಂದು ಕಾದಿರಿಸಿತು. ಮೈಕಿನವರ ದೊಡ್ಡ ದೌರ್ಬಲ್ಯವೆಂದರೆ ಅವರಲ್ಲಿ ಬಹುಪಾಲು ಮಂದಿಗೆ ಪರವಾನಗಿಯೇ ಇರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನು ಒತ್ತುವರಿಯ ವಿರುದ್ಧ ದೂರು ಕೊಟ್ಟಂತಾಯಿತು ಅವರ ಪಾಡು. ಅನಂತರ 2017ರಲ್ಲಿ ಮುಗಿದ 600 ಮೆಗಾಹರ್ಟ್ಸ್ ಹರಾಜಿನಿಂದ 1980 ಕೋಟಿ ಡಾಲರ್ ಬಂತು, ಮತ್ತು ಕೆಲವು ಸಣ್ಣ ಪಟ್ಟಿಗಳನ್ನು ಬಿಟ್ಟರೆ ಆ ಜಾಗದಿಂದ ಮೈಕುಗಳು 2020ರ ಜುಲೈ ವೇಳೆಗೆ ಕದಲಬೇಕಾಯಿತು. ಯುರೋಪಿನವರಿಗೆ ಸದ್ಯಕ್ಕೆ ತುಸು ಬಿಡುವು ಸಿಕ್ಕಿದೆ: 2023ರ ಕೊನೆಯಲ್ಲಿ ದುಬೈಯಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನವು 470ರಿಂದ 694 ಮೆಗಾಹರ್ಟ್ಸಿನಲ್ಲಿ ಪ್ರಸಾರಕ್ಕೇ ಮೊದಲ ಸ್ಥಾನ ಉಳಿಸಿ, ಮುಂದಿನ ವಿಮರ್ಶೆಯನ್ನು 2031ರ ಸಮ್ಮೇಳನಕ್ಕೆ ಬಿಟ್ಟಿತು.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ಹಳೆಯ ಕಾರ್ಡ್‌ಲೆಸ್ ಮೈಕ್ ಈಚೆಗೆ ಆಗಾಗ ಕೈಕೊಡುತ್ತಿದೆ. ಇದಕ್ಕೂ ಇಂಥದೇ ಕಾರಣವಿರಬಹುದೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಇರಬಹುದು. 2022ರ ಹರಾಜಿನಲ್ಲಿ ಜಿಯೋ 700 ಮೆಗಾಹರ್ಟ್ಸ್ ಪಟ್ಟಿಯನ್ನು ಕೊಂಡು 5ಜಿಗೆ ಬಳಸುತ್ತಿದೆ. ಅದೇ ಹರಾಜಿನಲ್ಲಿ 600ರ ಪಟ್ಟಿಗೆ ಕೊಳ್ಳುವವರು ಬರಲಿಲ್ಲ. ಮೈಕಿನ ಸಂಕೇತ ಹಿಡಿಯುವ ಪೆಟ್ಟಿಗೆಯ, ಅಂದರೆ ರಿಸೀವರಿನ, ಹಿಂಬದಿಯ ಚೀಟಿಯಲ್ಲಿ 700ರಿಂದ 800ರ ನಡುವಿನ ಅಂಕಿಯಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ, ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಆಮೇಲೆ ಪ್ರದರ್ಶನ ನಡೆಯುವ ಜಾಗದಲ್ಲೇ ಮೈಕುಗಳನ್ನೆಲ್ಲ ಆರಿಸಿ ರಿಸೀವರನ್ನು ಮಾತ್ರ ಹಚ್ಚಿಡಿ. ನಿಮ್ಮವರ ಮೈಕ್ ಒಂದೂ ಹತ್ತಿಲ್ಲದಿರುವಾಗಲೂ ಸಂಕೇತದ ದೀಪ ಉರಿಯುತ್ತಿದ್ದರೆ ಆ ತರಂಗಾಂತರದಲ್ಲಿ ಬೇರೆ ಯಾರೋ ಇದ್ದಾರೆ.