ಸೂರ್ಯನಿಂದ ಚಿಮ್ಮಿದ ಕಣಗಳಿಗೆ ದಾರಿಯಲ್ಲೂ ವೇಗ ಹೆಚ್ಚುತ್ತದೆ ಅಂತಾರಲ್ಲ, ಹೇಗೆ?

ಎಲ್ಲಾ ಆಘಾತ ತರಂಗದ, ಅಂದರೆ ಅತಿವೇಗದಲ್ಲಿ ನುಗ್ಗುವುದರ ಮುಂದೆ ಏಳುವ ಒತ್ತಡದ ಅಲೆಯ ಕೆಲಸ. ಸೂರ್ಯನಿಂದ ಸಿಡಿದ ಪ್ಲಾಸ್ಮಾ (ವಿದ್ಯುದಾವೇಶದ ಬಿಸಿ ಅನಿಲ) ಮೋಡ ಕೆಲವೊಮ್ಮೆ ಸೆಕೆಂಡಿಗೆ 2000 ಕಿ.ಮೀ. ದಾಟುತ್ತದೆ. ಅದರ ಮುಂದಿರುವ ಸೌರಮಾರುತದ (ಸೂರ್ಯನಿಂದ ಸದಾ ಹರಿಯುವ ಕಣಗಳ ಪ್ರವಾಹ) ವೇಗ ಸುಮಾರು 400 ಅಷ್ಟೇ. ಹಿಂದಿನಿಂದ ಹಾಗೆ ನುಗ್ಗಿದರೆ ಮೋಡದ ಮುಂದೆ ಆಘಾತ ತರಂಗ ಏಳಲೇಬೇಕಲ್ವಾ? ಅದರ ಎರಡೂ ಬದಿಯಲ್ಲಿ ಕಾಂತಕ್ಷೇತ್ರ ಗೋಜಲಾಗಿರುತ್ತದೆ, ಅಲ್ಲಿ ಸಿಕ್ಕಿದ ಪ್ರೋಟಾನ್ ಆಚೆ ಹೋಗಿ ತಿರುಗಿ ಬರುತ್ತದೆ, ಈಚೆ ಬಂದು ಮತ್ತೆ ತಿರುಗುತ್ತದೆ, ಬೀಸಿ ಬರುವ ಬ್ಯಾಟಿಗೆ ತಾಗಿದ ಚೆಂಡಿನ ಹಾಗೆ ಪ್ರತಿ ಸಲವೂ ಒಂದಿಷ್ಟು ಶಕ್ತಿ ಗಳಿಸುತ್ತದೆ. ಸಾಕಷ್ಟು ಗಳಿಸಿದ ಮೇಲೆ ತಪ್ಪಿಸಿಕೊಂಡು ಓಡುತ್ತದೆ. ಮೊದಲಿನ ಸೌರಜ್ವಾಲೆಗಳಲ್ಲಿ (ಸೂರ್ಯನ ಮೇಲಿನ ದಿಢೀರ್ ಸ್ಫೋಟಗಳಲ್ಲಿ) ಬಿಸಿಯಾದ ಕಣಗಳು ದಾರಿಯಲ್ಲಿ ಉಳಿದಿದ್ದರೆ ಕೆಲಸ ಇನ್ನೂ ಸುಲಭ.

ಮೋಡ ಭೂಮಿಗೆ ಬರಲು ಒಂದರಿಂದ ಮೂರು ದಿನ ಬೇಕು. ಕಣಗಳು ಕಾಯುವುದಿಲ್ಲ: 2005ರ ಜನವರಿ 20ರಂದು ಸೂರ್ಯನಲ್ಲಿ ಸ್ಫೋಟವಾದ ಅರ್ಧ ಗಂಟೆಯೊಳಗೇ ಬಂದಿದ್ದವು. ಇಂಥ ಕಣಗಳನ್ನು ಅಳೆಯಲು ಸೂರ್ಯನನ್ನು ಗಮನಿಸುವ ನಮ್ಮ ನೌಕೆ ಆದಿತ್ಯ-ಎಲ್1ರಲ್ಲಿ ಆಸ್ಪೆಕ್ಸ್ ಉಪಕರಣ ಇದೆ.