‘42 ಅಂಕ ಬಂದಿದೆ, ರೋಗವೇ?’

ಪ್ರಶ್ನೆ: ನಮ್ಮ ತಂದೆ 1999ರಲ್ಲಿ ಕಾರ್ಗಿಲ್‌ನಲ್ಲಿದ್ದವರು. ಮೊಬೈಲಿನಲ್ಲಿ ಪಿಸಿಎಲ್-5 ಪರೀಕ್ಷೆ ಮಾಡಿಸಿದೆ. 42 ಅಂಕ ಬಂತು. ಅವರಿಗೆ ಪಿಟಿಎಸ್‌ಡಿ (ಭೀಕರ ಘಟನೆಯ ನಂತರ ಕಾಡುವ ಮಾನಸಿಕ ಕಾಯಿಲೆ) ಇದೆ ಎಂದಾಯಿತೇ? (ಹಾವೇರಿಯ ಓದುಗರು)

ಉತ್ತರ: ಆಗಲಿಲ್ಲ. ಅಂಕವೊಂದು ಬದಲಾಗಿ ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಪಿಸಿಎಲ್-5ರಲ್ಲಿ 20 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ 0ರಿಂದ 4 ಅಂಕ, ಒಟ್ಟು 80; ಸಾಮಾನ್ಯವಾಗಿ 31ರಿಂದ 33ರ ಗಡಿ ದಾಟಿದವರನ್ನು ಕೂರಿಸಿಕೊಂಡು ವಿವರವಾಗಿ ವಿಚಾರಿಸಬೇಕು ಎಂಬಷ್ಟನ್ನೇ ಅದು ಹೇಳುತ್ತದೆ. ಖಿನ್ನತೆ ಇದ್ದವರಿಗೂ, ನಿದ್ದೆಗೆಟ್ಟ ಕುಡುಕರಿಗೂ ಅದರಲ್ಲಿ ಅಂಕ ಏರುತ್ತದೆ. ಮೇಲಾಗಿ, ಒತ್ತಿದ ಬೆರಳು ಯಾರದು? ನೀವು ಓದಿ ಹೇಳಿ, ತಂದೆಯವರು ‘ಹೂಂ’ ಎಂದದ್ದಕ್ಕೆ ನೀವೇ ಅಂಕ ಹಾಕಿದ್ದರೆ ಅದು ನಿಮ್ಮ ಆತಂಕದ ಅಳತೆ.

ರೋಗನಿರ್ಣಯಕ್ಕೆ ತರಬೇತಿ ಪಡೆದವರು ಎದುರು ಕುಳಿತು ನಡೆಸುವ ಸಂದರ್ಶನ ಬೇಕು. ಕ್ಯಾಪ್ಸ್-5 ಎಂಬ ಸಂದರ್ಶನಕ್ಕೆ 45ರಿಂದ 60 ನಿಮಿಷ ಹಿಡಿಯುತ್ತದೆ. ಯಾವ ಘಟನೆ, ಕಳೆದ ತಿಂಗಳಲ್ಲಿ ಎಷ್ಟು ಸಲ, ಎಷ್ಟು ತೀವ್ರವಾಗಿ, ಅದರಿಂದ ಮನೆ-ಕೆಲಸಕ್ಕೆ ಏನು ತೊಡಕಾಯಿತು ಎಂದು ಒಂದೊಂದು ಲಕ್ಷಣವನ್ನೂ ಬಿಡಿಸಿ ಕೇಳಬೇಕಾಗುತ್ತದೆ. ಹಿಂದೊಮ್ಮೆ ಮಾಜಿ ಸೈನಿಕರೊಬ್ಬರು ‘ಪಟಾಕಿ ನನಗೇನ್ ಮಾಡತೈತ್ರಿ’ ಎಂದು ನಕ್ಕು, ಬೆಚ್ಚಿಬೀಳುವ ಪ್ರಶ್ನೆಗೆ ಸೊನ್ನೆ ಬರೆದಿದ್ದರು. ಊರಿನ ಹೋರಿ ಹಬ್ಬಕ್ಕೆ ಹೋಗುತ್ತೀರಾ ಎಂದು ಕೇಳಿದೆ. ‘ಆವತ್ತ ಹೊಲದ ಮನ್ಯಾಗ ಮಲಗತೇನ್ರಿ, ಹತ್ತ ವರ್ಷ ಆತು’ ಎಂದರು. ಸದ್ದಿರುವ ಕಡೆ ಕಾಲೇ ಇಡದವನು ಬೆಚ್ಚುವುದಾದರೂ ಹೇಗೆ? ಆ ಸೊನ್ನೆಯ ಹಿಂದೆಯೇ ರೋಗ ಅಡಗಿತ್ತು.

ಆದ್ದರಿಂದ 42 ಎಂದು ಹೆದರಬೇಡಿ; ನಾಳೆ 12 ಬಂದರೆ ಹಿಗ್ಗಲೂ ಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆತನ್ನಿ. ತಂದೆಯವರು ಒಪ್ಪದಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ನೀವೇ ಕರೆಮಾಡಿ ಮಾತನಾಡಿ.

ಪ್ರಶ್ನೆ: ಸ್ಕ್ಯಾನ್ ಅಥವಾ ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ?

ಉತ್ತರ: ಇಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬೆರಳಚ್ಚು ನೋಡಿ ಮನಸ್ಸಿನ ಗಾಯ ಹೇಳುತ್ತಾರಂತೆ?

ಉತ್ತರ: ಬೆರಳಚ್ಚು ಪೊಲೀಸರಿಗೆ ಬೇಕಾದದ್ದು. ಆ ಹಣದಲ್ಲಿ ತಂದೆಯವರಿಗೆ ಒಳ್ಳೆಯ ಕಂಬಳಿ ಕೊಡಿಸಿ.

ಪ್ರಶ್ನೆ: ಪಿಂಚಣಿಗಾಗಿ ನಟಿಸುವವರು ಸಿಕ್ಕಿಬೀಳುತ್ತಾರೆಯೇ?

ಉತ್ತರ: ಎಂಎಂಪಿಐ-2ರಂಥ ವ್ಯಕ್ತಿತ್ವ ಅಳೆಯುವ ಪ್ರಶ್ನಾವಳಿ ಪರೀಕ್ಷೆಗಳಲ್ಲಿ ಉತ್ಪ್ರೇಕ್ಷೆಯನ್ನು ಗುರುತಿಸುವ ಮಾಪಕಗಳಿವೆ. ನಾನು ಕಂಡಿರುವುದು ಮಾತ್ರ ಹೆಚ್ಚಾಗಿ ಮುಚ್ಚಿಡುವವರನ್ನೇ.

ಪ್ರಶ್ನೆ: ನಿದ್ದೆಗೆ ಔಷಧಿ ಅಂಗಡಿಯಿಂದ ಆಲ್‌ಪ್ರಜೋಲಾಮ್ ತಂದು ಕೊಡಬಹುದೇ?

ಉತ್ತರ: ಕೂಡದು. ಪಿಟಿಎಸ್‌ಡಿಗೆ ಅದು ಮದ್ದಲ್ಲ, ಚಟವಾಗಿ ಅಂಟಿಕೊಳ್ಳುವ ಮಾತ್ರೆ. ತಿಂಗಳುಗಟ್ಟಲೆ ನುಂಗಿದ್ದರೆ ಥಟ್ಟನೆ ನಿಲ್ಲಿಸಲೂ ಬೇಡಿ; ಮಾತ್ರೆಯ ಖಾಲಿ ಪಟ್ಟಿಯನ್ನು ಎಸೆಯದೆ ಅದರೊಂದಿಗೇ ವೈದ್ಯರ ಬಳಿ ಬನ್ನಿ.